ಕಾರವಾರದ ಉಪ್ಪು ಗಾಳಿ ಮತ್ತು ನನ್ನ ಚಿಲ್ಲರೆ ನಾಣ್ಯಗಳು

ನನ್ನ ಹತ್ತಿರ ಇರುವ ನಾಣ್ಯಗಳನ್ನೆಲ್ಲ ಒಟ್ಟಿಗೆ ಮಾರಿದರೆ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನಾಲ್ಕು ಒಳ್ಳೆ ಪಾಂಪ್ಲೆಟ್ ಬರಬಹುದು, ಅಷ್ಟೇ. ಅಲ್ಯೂಮಿನಿಯಮ್ಮಿನ ಮೂರು ಪೈಸೆ, ಚೌಕದ ಐದು ಪೈಸೆ, ಅಲೆ ಅಲೆ ಅಂಚಿನ ಹತ್ತು ಪೈಸೆ, 1943ರಿಂದ 47ರವರೆಗೆ ಬಂದ ನಡುವೆ ತೂತಿನ ಪೈಸೆ, 1968ರ ಆಸುಪಾಸಿನ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. ಜೊತೆಗೆ ಪೋರ್ಚುಗೀಸರ ಗೋವಾದ ಒಂದಿಷ್ಟು ಸೆಂಟಾವೋ. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ ಗಡಿ. ಹಾಗಾಗಿ ನಮ್ಮ ಕಡೆ ಹಳೇ ಮನೆಗಳ ದೇವರ ಕೋಣೆಯಲ್ಲಿ, ಕುಂಕುಮದ ಡಬ್ಬಿಯ ತಳದಲ್ಲಿ ಇವು ಸಿಗುವುದು ಹೊಸತೇನಲ್ಲ.

ಇಂಥ ನಾಣ್ಯಕ್ಕೆ ಒಂದೊಂದಕ್ಕೂ ದುಬಾರಿ ಕ್ಯಾಪ್ಸೂಲ್ (ಒಂದೇ ನಾಣ್ಯ ಕೂರುವ ಪಾರದರ್ಶಕ ಪುಟ್ಟ ಡಬ್ಬಿ) ತರಿಸಿದರೆ ನಾಣ್ಯಕ್ಕಿಂತ ಡಬ್ಬಿಯ ಬೆಲೆಯೇ ಜಾಸ್ತಿ ಆಗುತ್ತದೆ. ಹಾಗಂತ ಹಾಗೇ ಬಿಟ್ಟರೆ ನಮ್ಮ ಊರಿನ ಗಾಳಿ ಬಿಡುವುದಿಲ್ಲ. ಬಯಲುಸೀಮೆಯಲ್ಲಿ ಕಾಗದದ ಪೊಟ್ಟಣದಲ್ಲಿ ಇಟ್ಟರೂ ನಡೆಯುತ್ತದೆ. ಇಲ್ಲಿ ಗಾಳಿಯಲ್ಲೇ ಉಪ್ಪು ಇದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಇದೆ. ಈ ಎರಡೂ ಸೇರಿದರೆ ಕಿಟಕಿಯ ಸರಳು, ಸ್ಕೂಟರ್ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ನಾನು ಹಾಕಿದ ದುಡ್ಡೆಲ್ಲ ಗಾಳಿಯನ್ನು ಹೊರಗಿಡುವುದಕ್ಕೇ ಹೋಗಿದೆ. ಉಳಿದದ್ದರಲ್ಲಿ ಜುಗ್ಗತನ ಮಾಡಿದ್ದೇನೆ.

ಮೊದಲ ಕೆಲಸ ವಿಂಗಡಣೆ. ಅದಕ್ಕೆ ಒಂದು ಅಯಸ್ಕಾಂತ ಸಾಕು. 1992ರ ನಂತರದ ಒಂದು ರೂಪಾಯಿ, ಆಮೇಲಿನ ಇಪ್ಪತ್ತೈದು ಪೈಸೆ ಉಕ್ಕಿನವು, ಪಟ್ಟನೆ ಅಂಟಿಕೊಳ್ಳುತ್ತವೆ. 1950ರ ನಿಕ್ಕಲ್ ರೂಪಾಯಿಯೂ ಅಂಟುತ್ತದೆ. ಅಲ್ಯೂಮಿನಿಯಮ್, ತಾಮ್ರ, ಕಂಚು, ತಾಮ್ರ-ನಿಕ್ಕಲ್ ಅಂಟುವುದಿಲ್ಲ. ಒಂದೊಂದು ಲೋಹ ಹಾಳಾಗುವ ರೀತಿ ಬೇರೆ. ಸ್ಟೇನ್‌ಲೆಸ್ ಅಂತ ಹೆಸರಿದ್ದರೂ ನಮ್ಮಲ್ಲಿ ಉಕ್ಕಿಗೆ ಕಂದು ಚುಕ್ಕೆ ಬರುತ್ತದೆ. ಅಲ್ಯೂಮಿನಿಯಮ್‌ಗೆ ಬಿಳಿ ಪುಡಿ ಹಿಡಿದು, ಅದರ ಕೆಳಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹಾಗಾಗಿ ಬೇರೆ ಬೇರೆ ಡಬ್ಬಿ.

ತಾಮ್ರ ಮತ್ತು ಕಂಚಿನ ಮೇಲಿನ ಹಸಿರು ಮಾತ್ರ ಸ್ವಲ್ಪ ಕೂತು ನೋಡಬೇಕಾದ ವಿಷಯ. ಎಲ್ಲ ಹಸಿರೂ ಒಂದೇ ಅಲ್ಲ. ನನ್ನ ಹತ್ತು ಸೆಂಟಾವೋ ಒಂದರಲ್ಲಿ ‘ಎಸ್ತಾದೊ ದ ಇಂಡಿಯಾ’ ಅನ್ನುವ ಅಕ್ಷರಗಳ ಸಂದಿಯಲ್ಲಿ ತಿಳಿ ಹಸಿರು ಚುಕ್ಕೆ ಇತ್ತು. ಭೂತಗನ್ನಡಿ ಹಿಡಿದು, ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿದೆ. ಸುಣ್ಣದ ಹಾಗೆ ಪುಡಿ ಉದುರಿತು. ಕೆಳಗೆ ಸಣ್ಣ ಹೊಂಡ. ಒರೆಸಿ ಇಟ್ಟರೆ ಕೆಲವು ದಿನದಲ್ಲಿ ಮತ್ತೆ ಅಲ್ಲೇ ಪುಡಿ. ಇದು ಉಪ್ಪಿನ ಕೆಲಸ. ಉಪ್ಪಿನೊಳಗಿನ ಕ್ಲೋರೈಡ್ ತಾಮ್ರದ ಒಳಗೆ ಸೇರಿಕೊಂಡು, ತೇವ ಸಿಕ್ಕಿದಾಗಲೆಲ್ಲ ತಿನ್ನುತ್ತಾ ಹೋಗುತ್ತದೆ. ಇದಕ್ಕೆ ಕಂಚಿನ ರೋಗ ಅಂತಲೇ ಹೆಸರು. ಇಂಥದ್ದನ್ನು ಪುಡಿ ಬಿಡಿಸಿ, ಬೇರೆ ಡಬ್ಬಿಗೆ ಹಾಕಿ, ಚೆನ್ನಾಗಿ ಒಣ ಮಾಡಿ ಇಡಬೇಕು. ತೇವ ಸಿಗದಿದ್ದರೆ ಅದು ಸುಮ್ಮನಿರುತ್ತದೆ.

ಗಟ್ಟಿಯಾಗಿ, ಕಪ್ಪು ಮಿಶ್ರಿತ ಹಸಿರಾಗಿ, ಉಗುರಿಗೂ ಜಗ್ಗದೆ ಕೂತಿದ್ದರೆ ಅದು ಹಳೇ ಪದರ. ಅದನ್ನು ಮುಟ್ಟಲೇಬೇಡಿ. ಅದೇ ನಾಣ್ಯದ ರಕ್ಷಣೆ.

ಮೂರನೆಯದು ಅಂಟಂಟು ಹಸಿರು. ಇದು ಗಾಳಿಯಿಂದ ಬಂದದ್ದಲ್ಲ, ಆಲ್ಬಮ್ಮಿನಿಂದ ಬಂದದ್ದು. ಪರಿಚಿತರೊಬ್ಬರು ಕೊಟ್ಟ ಹಳೇ ಆಲ್ಬಮ್ಮಿನ ಪಾಕೆಟ್‌ಗಳು ಮೆತ್ತಗೆ, ಹೊಸ ರೈನ್‌ಕೋಟಿನ ವಾಸನೆ ಹೊಡೆಯುತ್ತಿದ್ದವು. ಅದು ಪಿವಿಸಿ. ಮೆತ್ತಗಾಗಲಿ ಅಂತ ಅದಕ್ಕೆ ಸೇರಿಸಿದ ಎಣ್ಣೆಯಂಥ ದ್ರವ ವರ್ಷಗಟ್ಟಲೆ ಬಿಸಿಲು-ಸೆಕೆಗೆ ಹೊರಗೆ ಬರುತ್ತದೆ, ಜೊತೆಗೆ ಆಮ್ಲವೂ ಹುಟ್ಟುತ್ತದೆ. ಇದನ್ನು ತೆಗೆಯಲಿಕ್ಕೆ ಶುದ್ಧ ಅಸಿಟೋನ್ ಬೇಕು. ಉಗುರುಬಣ್ಣ ತೆಗೆಯುವ ದ್ರವ ಆಗುವುದಿಲ್ಲ, ಅದರಲ್ಲಿ ಬಣ್ಣ, ಸುವಾಸನೆ ಏನೇನೋ ಇರುತ್ತದೆ. ಗಾಜಿನ ಬಟ್ಟಲಲ್ಲಿ ಹಾಕಿ, ಕಿಟಕಿ ತೆರೆದು, ನಾಣ್ಯ ಅದ್ದಿ ತೆಗೆಯಬೇಕು. ಬೇಗ ಬೆಂಕಿ ಹಿಡಿಯುವ ವಸ್ತು. ಅಡುಗೆಮನೆ, ದೇವರ ದೀಪ ಎರಡರಿಂದಲೂ ದೂರ. ಕುಂಕುಮ, ತುಪ್ಪ ಅಂಟಿದ ನಾಣ್ಯಕ್ಕೂ ಇದೇ ಉಪಾಯ.

ನೀರಲ್ಲಿ ತೊಳೆಯಲೇಬೇಕಾದರೆ ನಲ್ಲಿ ನೀರು, ಬಾವಿ ನೀರು ಬೇಡ. ಸಮುದ್ರದ ಹತ್ತಿರದ ಬಾವಿಯಲ್ಲಂತೂ ಉಪ್ಪೇ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಅಂಗಡಿಯವನ ಹತ್ತಿರ ಸರಿಯಾಗಿ ಹೇಳಿ ತನ್ನಿ, ಬ್ಯಾಟರಿ ಆಸಿಡ್ ಬೇರೆ!

ತಿಕ್ಕುವುದು ಮಾತ್ರ ಬೇಡ. ಶಿರಸಿಯಿಂದ ಬಂದ ನಮ್ಮ ನೆಂಟರೊಬ್ಬರು ಪ್ರತಿ ಸಲವೂ ಹೇಳುತ್ತಾರೆ: “ಭಾವ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ರೆ ಪಳಪಳ ಅಂತದೆ.” ಪಳಪಳ ಅನ್ನುವುದೇನೋ ನಿಜ. ಹುಳಿ ಮೇಲಿನ ಪದರವನ್ನು ತಿಂದು ಹಾಕುತ್ತದೆ, ತಿಕ್ಕಿದ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಹರಿವಾಣ ಬೆಳಗುವ ಯಾವ ಪುಡಿಯೂ ನಾಣ್ಯಕ್ಕೆ ಬೇಡ.

ಇನ್ನು ಇಡುವ ವಿಷಯ. ಎರಡು ಇಂಚಿನ ಚೌಕ ರಟ್ಟು, ನಡುವೆ ಪಾರದರ್ಶಕ ಕಿಟಕಿ ಇರುವ ಹೋಲ್ಡರ್‌ಗಳು ನೂರರ ಕಟ್ಟಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಕಿಟಕಿ ಮೈಲಾರ್‌ದಾಗಿರಬೇಕು, ಅಂದರೆ ಪಾಲಿಯೆಸ್ಟರಿನ ತೆಳು ಹಾಳೆ. ಸ್ಟೇಪಲ್ ಹೊಡೆಯುವ ನಮೂನೆ ಅಗ್ಗ, ಆದರೆ ಕರಾವಳಿಯಲ್ಲಿ ಪಿನ್ನಿಗೆ ಮಳೆಗಾಲದಲ್ಲೇ ತುಕ್ಕು. ನಾನು ಅಂಟಿಸುವ ನಮೂನೆಯನ್ನೇ ತರಿಸುತ್ತೇನೆ. ಅಳತೆ ತೆಗೆದುಕೊಳ್ಳುವಾಗ ಒಂದು ಕಿವಿಮಾತು: ನಮ್ಮ ಹಳೇ ಪೈಸೆಗಳಲ್ಲಿ ಹಲವು ದುಂಡಗಿಲ್ಲ. ಐದು ಪೈಸೆ ಚೌಕ, ಮೂರು ಪೈಸೆ ಆರು ಮೂಲೆಯದು. ಮೂಲೆಯಿಂದ ಮೂಲೆಗೆ ಅಳೆಯಬೇಕು, ಇಲ್ಲದಿದ್ದರೆ ಮೂಲೆ ರಟ್ಟಿನ ಅಡಿಗೆ ಹೋಗಿ ಕಿಟಕಿ ಹರಿಯುತ್ತದೆ. 2011ಕ್ಕಿಂತ ಮೊದಲಿನ ಒಂದು ರೂಪಾಯಿಯ ಉಕ್ಕಿನ ನಾಣ್ಯ 25 ಮಿಲಿಮೀಟರ್, ಅದಕ್ಕೆ ತಕ್ಕ ಹೋಲ್ಡರ್ ಸುಲಭವಾಗಿ ಸಿಗುತ್ತದೆ.

ಹೋಲ್ಡರ್‌ಗಳು ಹೋಗುವುದು ಅಡುಗೆಮನೆಯ ಲಾಕ್ ಡಬ್ಬಿಗೆ. ನಾಲ್ಕು ಕಡೆ ಕ್ಲಿಪ್, ಮುಚ್ಚಳದ ಸುತ್ತ ಸಿಲಿಕೋನ್ ರಿಂಗ್ ಇರುತ್ತದಲ್ಲ, ಅದೇ. ತಳದಲ್ಲಿ ತ್ರಿಕೋನದ ಒಳಗೆ 5 ಅಂತ ಇದ್ದರೆ ಅದು ಪಾಲಿಪ್ರಾಪಿಲಿನ್, ಧೈರ್ಯವಾಗಿ ತೆಗೆದುಕೊಳ್ಳಿ. 3 ಅಂತ ಇದ್ದರೆ ಪಿವಿಸಿ, ಬಿಟ್ಟುಬಿಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಒಂದು ಪುಟ್ಟ ತೇವಮಾಪಕ. ಅದರ ಅಂಕಿ ಶೇಕಡಾ ನಲವತ್ತರ ಕೆಳಗಿದ್ದರೆ ನಾನು ಮುಚ್ಚಳ ತೆಗೆಯಲಿಕ್ಕೇ ಹೋಗುವುದಿಲ್ಲ. ಸಿಲಿಕಾ ಜೆಲ್‌ನಲ್ಲಿ ನೀಲಿಯಿಂದ ಗುಲಾಬಿ ಆಗುವುದು ಸಿಗುತ್ತದೆ, ಆದರೆ ಅದರ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದು ವಾಸಿ. ತೇವ ಕುಡಿದ ಮೇಲೆ ಅದು ಹಸಿರಾಗುತ್ತದೆ. ಓವನ್ನಿನಲ್ಲಿ 120 ಡಿಗ್ರಿಯ ಹತ್ತಿರ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆ.

ಡಬ್ಬಿಯನ್ನು ಮುಚ್ಚುವ ದಿನವೂ ನೋಡಿಕೊಳ್ಳಬೇಕು. ಮುಚ್ಚಿದ ದಿನದ ಗಾಳಿಯೇ ಒಳಗೆ ಉಳಿಯುವುದಲ್ವಾ? ಜನವರಿಯಲ್ಲಿ, ಬೆಳಗಿನ ಮಂಜು ಹೋಗಿ ಬಿಸಿಲು ಏರಿದ ಮೇಲೆ ಈ ಕೆಲಸ ಮುಗಿಸುತ್ತೇನೆ. ಮೇ ತಿಂಗಳ ಬೆವರಿನಲ್ಲಿ ಕೂತರೆ ಕೈಯ ಬೆವರೇ ನಾಣ್ಯಕ್ಕೆ ಹತ್ತುತ್ತದೆ. ಯಾವಾಗಲೂ ಅಂಚನ್ನು ಹಿಡಿಯಬೇಕು, ಕೆಳಗೆ ಮೆತ್ತನೆಯ ಬಟ್ಟೆ ಇರಬೇಕು.

ಡಬ್ಬಿ ಕಬ್ಬಿಣದ ಕಪಾಟಿನಲ್ಲಿ. ಪ್ಲೈವುಡ್ ಡ್ರಾವರ್ ಬೇಡ, ಅದರ ಅಂಟಿನಿಂದ ಹೊರಡುವ ಆವಿ ಲೋಹಕ್ಕೆ ಆಗುವುದಿಲ್ಲ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಪೇಪರ್ ತುಂಡು ಇವೂ ಹತ್ತಿರ ಬೇಡ. ಬೆಳ್ಳಿ ನಾಣ್ಯ ಇದ್ದವರಿಗೆ ಇದು ಇನ್ನೂ ಮುಖ್ಯ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸೀರೆಗೆ ಇಡುವ ನುಸಿ ಗುಳಿಗೆಯೂ ಅದೇ ಖಾನೆಯಲ್ಲಿ ಬೇಡ.

ಎಲ್ಲವನ್ನೂ ಮುಚ್ಚಿಟ್ಟರೆ ಸಂಗ್ರಹ ಯಾಕೆ ಅಂತ ಮನೆಯವರು ಕೇಳುತ್ತಾರೆ, ಅದೂ ಸರಿಯೇ. ನನ್ನ ಉಪಾಯ: ಗೋಡೆಗೆ ಒಂದೇ ಫ್ರೇಮ್, ಅದರಲ್ಲಿ ಕೆಲವೇ ನಾಣ್ಯ, ಆಗಾಗ ಬದಲಾಯಿಸುವುದು. ಫ್ರೇಮ್ ಅಂಗಡಿಯಲ್ಲಿ ಒಳಗೆ ಒಂದು ಇಂಚು ಆಳ ಬಿಟ್ಟು ಮಾಡಿಸಿದ್ದೇನೆ, ಗಾಜು ನಾಣ್ಯಕ್ಕೆ ತಾಗಬಾರದು. ಆಮ್ಲವಿಲ್ಲದ ಮೌಂಟ್ ಬೋರ್ಡಿನಲ್ಲಿ ದುಂಡಗೆ ತೂತು ಕೊರೆದು, ಅಲ್ಲಿ ಮಾತ್ರ ಕ್ಯಾಪ್ಸೂಲ್ ಕೂರಿಸಿದ್ದೇನೆ. ಫ್ರೇಮಿಗೆ ಬೇಕಾದಷ್ಟೇ ಕ್ಯಾಪ್ಸೂಲ್ ಆದ್ದರಿಂದ ಖರ್ಚು ಕೈಮೀರಲಿಲ್ಲ. ನಾಣ್ಯಕ್ಕೆ ಅಂಟು, ಡಬಲ್ ಟೇಪ್ ಯಾವುದೂ ತಾಗಿಲ್ಲ. ತೂಗು ಹಾಕಿದ್ದು ಒಳಗಿನ ಗೋಡೆಗೆ. ಮಳೆ ಹೊಡೆಯುವ ಪಡುವಣ ಗೋಡೆ ಜುಲೈಯಲ್ಲಿ ಒದ್ದೆ ಇರುತ್ತದೆ, ಅಲ್ಲಿ ಕ್ಯಾಲೆಂಡರೂ ಬೂಸು ಹಿಡಿಯುತ್ತದೆ. ಮಳೆಗಾಲ ಶುರುವಾಗುವ ಮೊದಲು ಫ್ರೇಮಿನ ನಾಣ್ಯಗಳು ಕ್ಯಾಪ್ಸೂಲ್ ಸಮೇತ ಡಬ್ಬಿಗೆ, ದೀಪಾವಳಿ ಹೊತ್ತಿಗೆ ಮತ್ತೆ ಗೋಡೆಗೆ.

ಫ್ರೇಮ್ ನೋಡಿದವರು ಮೊದಲು ಕೇಳುವುದು, “ಇದಕ್ಕೆ ಲಕ್ಷ ಬರುತ್ತದಂತೆ ಹೌದಾ?” ಅಂತ. ಮೊಬೈಲಿಗೆ ಬರುವ ಜಾಹೀರಾತಿನ ಮಹಿಮೆ. ಹಳೇ ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ ಕೀಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನನ್ನ ಫ್ರೇಮಿನಲ್ಲಿರುವ ಇಪ್ಪತ್ತೈದು ಪೈಸೆ 2011ರ ಜೂನ್ ಕೊನೆಗೆ ಚಲಾವಣೆಯಿಂದಲೇ ಹೋದದ್ದು, ಅಂಗಡಿಯವನೂ ಮುಟ್ಟುವುದಿಲ್ಲ.

ಮಕ್ಕಳಿಗೆ ಮಾತ್ರ ಬೇರೆ ವ್ಯವಸ್ಥೆ. ಒಂದೇ ನಮೂನೆಯವು ಜಾಸ್ತಿ ಇದ್ದರೆ ಅವು ಟಿವಿ ಪಕ್ಕದ ಸ್ಟೀಲ್ ಬಟ್ಟಲಿಗೆ. ತೂತಿನ ಪೈಸೆಯಲ್ಲಿ ದಾರ ಪೋಣಿಸಲಿ, ಹತ್ತು ಪೈಸೆಯನ್ನು ನೆಲದ ಮೇಲೆ ತಿರುಗಿಸಲಿ, ಹೈದರಾಬಾದಿನ ಟಂಕಸಾಲೆಯ ನಕ್ಷತ್ರದ ಗುರುತು, ಮುಂಬೈಯ ವಜ್ರದ ಗುರುತು ಹುಡುಕಲಿ. ತುಕ್ಕು ಹಿಡಿದರೆ ಹಿಡಿಯಲಿ, ಬಟ್ಟಲು ಖಾಲಿಯಾದರೆ ಇನ್ನೊಂದು ಹಿಡಿ ಹಾಕಿದರಾಯಿತು.