ಕಂಪನಿ ಓಡಿ ಹೋಗ್ತೈತಂತ!

"ವೈನಿ, ನಿಮ್ಮ ಕಂಪನಿ ರೊಕ್ಕ ತಗೊಂಡು ಓಡಿ ಹೋಗ್ತೈತಂತ, ಖರೇ ಏನ್ರಿ?" ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಓಣಿಯ ಕಾಕು ಬಾಗಿಲಲ್ಲೇ ಕೇಳಿದರು. ಕೈಯಲ್ಲಿ ಮೊಬೈಲ್, ಅದರಲ್ಲಿ ವಾಟ್ಸಾಪ್‌ನಲ್ಲಿ ಬಂದ ವಿಡಿಯೊ. ನಾನು ಎರಡು ವರ್ಷದಿಂದ ಆ ಕಂಪನಿಯ ಪಾತ್ರೆ ತೊಳೆಯುವ ಲಿಕ್ವಿಡ್, ಟೂತ್‌ಪೇಸ್ಟ್, ಪ್ರೊಟೀನ್ ಪುಡಿ ಮಾರುತ್ತಿದ್ದೆ. ಸಿಟ್ಟು ಬಂತು. "ಎಲ್ಲಾ ಸುಳ್ಳು ಕಾಕು" ಎಂದುಬಿಟ್ಟೆ. ಅದೇ ತಪ್ಪಾಯಿತು. ಅವರು ನಕ್ಕು ಒಳಗೆ ಹೋದರು.

ನನಗೆ ಈ ಕೆಲಸ ಹಚ್ಚಿದ ಅಕ್ಕನಿಗೆ ಫೋನ್ ಮಾಡಿದೆ. "ನಮ್ಮದು ಸರ್ಕಾರ ಒಪ್ಪಿದ ಕಂಪನಿ ಅಂತ ಹೇಳು" ಅಂದಳು. ಹಾಗೆ ಹೇಳಲು ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹುಡುಕಿದರೆ ಹೆಸರು, ನೋಂದಣಿ ಸಂಖ್ಯೆ, ಕಚೇರಿ ವಿಳಾಸ ಎಲ್ಲ ಸಿಕ್ಕವು. ಆದರೆ ನೋಂದಣಿ ಆಗಿದೆ ಅಂದ ಮಾತ್ರಕ್ಕೆ ಸರ್ಕಾರ ಬೆನ್ನು ತಟ್ಟಿದೆ ಎಂದಲ್ಲ. ಮೋಸದ ಕಂಪನಿಯೂ ನೋಂದಣಿ ಮಾಡಿಸಬಹುದು, ಅಲ್ವಾ?

ಆಮೇಲೆ 2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ಹೊರಡಿಸಿದ ನೇರ ಮಾರಾಟದ, ಅಂದರೆ ಅಂಗಡಿ ಇಲ್ಲದೆ ನನ್ನಂಥವರ ಕೈಯಿಂದ ಮಾಲು ಮಾರುವುದರ, ನಿಯಮಗಳನ್ನು ಓದಿದೆ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಸಿಗುವ ಪಿರಮಿಡ್ ಯೋಜನೆಗೆ ಅಲ್ಲಿ ಅವಕಾಶವಿಲ್ಲ. ಸದಸ್ಯರನ್ನು ಸೇರಿಸಿದರೆ ಸುಲಭವಾಗಿ ದುಡ್ಡು ಬರುತ್ತದೆ ಎಂದು ಆಸೆ ತೋರಿಸುವ ಹಣ ಚಲಾವಣೆ ಯೋಜನೆಗಳಿಗಂತೂ 1978ರಲ್ಲೇ ನಿಷೇಧದ ಕಾಯ್ದೆ ಬಂದಿದೆ. ನನ್ನ ಎರಡು ವರ್ಷದ ಕಮಿಷನ್ ಸ್ಟೇಟ್‌ಮೆಂಟ್ ತೆಗೆದು ಸಾಲುಸಾಲಾಗಿ ನೋಡಿದೆ. ಒಂದೊಂದು ರೂಪಾಯಿಯೂ ಮಾರಿದ ಮಾಲಿನ ಮೇಲೆ ಬಂದದ್ದು. ಯಾರನ್ನೋ ಸೇರಿಸಿದ್ದಕ್ಕೆ ಒಂದು ಪೈಸೆಯೂ ಇಲ್ಲ. ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಅದೇ ನಿಯಮದಲ್ಲಿ ನನಗೂ ಒಂದು ಪೆಟ್ಟಿತ್ತು. ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗಬಾರದಂತೆ. ನಾನೋ, ಚಹಾದ ಹೊತ್ತಿಗೆ ಸೀದಾ ಒಳಗೆ ನುಗ್ಗುವವಳು!

ಮರುದಿನ ಫೋನ್ ಮಾಡಿ, ಕಾಕು ಹೂಂ ಅಂದ ಮೇಲೆ ಹೋದೆ. ಸ್ಟೇಟ್‌ಮೆಂಟ್, ಬಿಲ್, ಗುರುತಿನ ಚೀಟಿ ಮುಂದಿಟ್ಟೆ. ಅವರು ಅದನ್ನೆಲ್ಲ ಬದಿಗೆ ಸರಿಸಿ, "ತಿಂಗಳಿಗೆ ನಿಮಗ ಎಷ್ಟ್ ಉಳೀತೈತಿ, ಅದನ್ನ ಹೇಳ್ರಿ" ಅಂದರು. ಖರ್ಚು ಕಳೆದು 2,000 ರೂಪಾಯಿ ಅಂದೆ. "ಮತ್ತ ಆ ಮೀಟಿಂಗ್‌ನ್ಯಾಗ ಲಕ್ಷ ಗಳಿಸಬಹುದು ಅಂದ್ರಲ್ಲ?"

ಅದಕ್ಕೆ ನನ್ನ ಹತ್ತಿರ ಕಾಗದ ಇರಲಿಲ್ಲ. ಹೋದ ವರ್ಷ ಉಣಕಲ್ ಹತ್ತಿರದ ಹಾಲ್‌ನಲ್ಲಿ ಆ ಮೀಟಿಂಗಿಗೆ ಅವರನ್ನು ಕರೆದುಕೊಂಡು ಹೋದವಳು ನಾನೇ. ಕಾರಿನ ಫೋಟೊ ತೋರಿಸಿ ಲಕ್ಷದ ಮಾತಾಡಿದಾಗ ಚಪ್ಪಾಳೆ ತಟ್ಟಿದವಳೂ ನಾನೇ. ಆ ಮಾತು ತಪ್ಪು ಕಾಕು, ನನಗಂತೂ ಅಷ್ಟು ಬಂದಿಲ್ಲ, ಎಂದು ಒಪ್ಪಿಕೊಂಡೆ. ವಿಡಿಯೊದವರಿಗಿಂತ ಜಾಸ್ತಿ ಅನುಮಾನ ಹುಟ್ಟಿಸಿದ್ದು ನಮ್ಮ ಮೀಟಿಂಗೇ.

ಕಾಕು ಸುಮ್ನೆ ಎದ್ದು ಚಹಾ ಇಟ್ಟರು. ಈಗ ಪ್ರತಿ ತಿಂಗಳು ಲಿಕ್ವಿಡ್ ತಗೊಳ್ಳುತ್ತಾರೆ, ಬಿಲ್ ಕೇಳಿ ಇಸ್ಕೊಳ್ಳುತ್ತಾರೆ. "ಪುಡಿ ಮಾತ್ರ ತರಬ್ಯಾಡ್ರಿ, ಭಾಳ ತುಟ್ಟಿ" ಅಂತಾರೆ. ಅದೂ ಖರೇನೇ.