ಕೊಳವೆಯ ಮೇಲೆ ಬರೆದ ಗಂಟೆ

ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅದೇ ಬೆರಳುಗಳು ತಕ್ಕಮಟ್ಟಿಗೆ ಕೆಲಸಕ್ಕೆ ಬರುತ್ತವೆ. ಉಡುಪಿಯ ಸುತ್ತಲಿನ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಳಗಿನ ಹೊತ್ತು ಎಲೆ ಕತ್ತರಿಸುವ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರುವುದಿಲ್ಲವೆಂದು ಹೇಳಿಕೊಂಡು ಬಂದ ರೋಗಿಗಳಿಂದಲೇ ನಮ್ಮ ಸಣ್ಣ ಅಧ್ಯಯನ ಹುಟ್ಟಿತು. ನಾನು ಜಿಲ್ಲೆಯ ಒಂದು ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿದ್ದೇನೆ. ರೋಗಿಗಳನ್ನು ಅವರವರ ಮನೆಯಲ್ಲೇ ಇರಿಸಿಕೊಂಡು, ಅವರ ಕಾರ್ಟಿಸಾಲ್ ಹಾರ್ಮೋನು ದಿನವಿಡೀ ಹೇಗೆ ಏರಿಳಿಯುತ್ತದೆಂಬುದನ್ನು ಜೊಲ್ಲಿನ ಮೂಲಕ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ದೇಹದ ಮುಖ್ಯ ಗಡಿಯಾರವಾಗಿ ಕೆಲಸ ಮಾಡುತ್ತದೆ. ಅದರ ಅಣತಿಯಂತೆ ಕಾರ್ಟಿಸಾಲ್ ನಡುರಾತ್ರಿಯ ಆಸುಪಾಸಿನಲ್ಲಿ ತಳಮುಟ್ಟಿ, ಬೆಳಗಿನ ಜಾವದಿಂದ ಏರತೊಡಗಿ, ಎಚ್ಚರವಾದ ಮೇಲಿನ 30ರಿಂದ 45 ನಿಮಿಷಗಳಲ್ಲಿ ಇನ್ನೊಂದು ನೆಗೆತ ನೆಗೆಯುತ್ತದೆ. ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಕೂಡ ರಾತ್ರಿಯ ಕೊನೆಯ ಭಾಗದಲ್ಲೇ ಏರುತ್ತದೆ. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಸಂಧಿವಾತದವರಲ್ಲಿ ಇಂಟರ್‌ಲ್ಯೂಕಿನ್ ಬಹಳ ಪಟ್ಟು ಏರಿದರೂ ಕಾರ್ಟಿಸಾಲ್ ಮಾತ್ರ ಹೆಚ್ಚುಕಡಿಮೆ ಎಲ್ಲರಲ್ಲಿರುವಷ್ಟೇ ಇರುತ್ತದೆ, ಅಂದರೆ ಬೆಂಕಿಗೆ ತಕ್ಕಷ್ಟು ನೀರು ಇರುವುದಿಲ್ಲ. ಕಾರ್ಟಿಸಾಲಿನ ಹತ್ತಿರದ ನಂಟಿನ ಕಾರ್ಟಿಸೋನ್ ಈ ಕಾಯಿಲೆಯನ್ನು ತಗ್ಗಿಸುತ್ತದೆಂಬುದನ್ನು ಫಿಲಿಪ್ ಹೆಂಚ್ 1948ರಲ್ಲೇ ಮೇಯೋ ಕ್ಲಿನಿಕ್‌ನಲ್ಲಿ ಕಂಡಿದ್ದರು ಮತ್ತು 1950ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಅದನ್ನು ಯಾವ ಹೊತ್ತಿಗೆ ಕೊಡಬೇಕೆಂಬ ಪ್ರಶ್ನೆ ಮಾತ್ರ ಬಹುಕಾಲ ಹಿಂದೆ ಉಳಿಯಿತು. 2008ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ 288 ರೋಗಿಗಳ ಪರೀಕ್ಷೆಯಲ್ಲಿ, ಮಲಗುವಾಗ ನುಂಗಿದರೆ ಸುಮಾರು ನಾಲ್ಕು ಗಂಟೆಯ ನಂತರ ಬಿಚ್ಚಿಕೊಳ್ಳುವ ಪ್ರೆಡ್ನಿಸೋನ್ (ಕಾರ್ಟಿಸಾಲಿನಂತೆ ಕೆಲಸ ಮಾಡುವ ಸ್ಟೀರಾಯ್ಡ್) ಮಾತ್ರೆಯಿಂದ ಬೆಳಗಿನ ಬಿಗಿತದ ಅವಧಿ ಸುಮಾರು 23 ಶೇಕಡಾ ಇಳಿಯಿತು. ಬೆಳಿಗ್ಗೆ ನುಂಗುವ ಸಾಮಾನ್ಯ ಮಾತ್ರೆಯಿಂದ ಬಹುತೇಕ ಇಳಿಯಲೇ ಇಲ್ಲ. ಔಷಧ ಅದೇ, ಹೊತ್ತು ಮಾತ್ರ ಬೇರೆ.

ಒಬ್ಬೊಬ್ಬರಿಗೆ ಐದು ಕೊಳವೆ ಕೊಟ್ಟೆವು: ಎಚ್ಚರವಾದ ಕೂಡಲೇ ಒಂದು, ಅರ್ಧ ಗಂಟೆ ಬಿಟ್ಟು ಒಂದು, ಮಧ್ಯಾಹ್ನ, ಸಂಜೆ, ಮಲಗುವಾಗ. ರಕ್ತಕ್ಕಿಂತ ಇದು ಸುಲಭವೆಂದು ಭಾವಿಸಿದ್ದ ನನಗೆ ಮೊದಲ ಪೆಟ್ಟು ಬಿದ್ದದ್ದು ಫ್ರಿಜ್ಜಿನ ವಿಷಯದಲ್ಲಿ. ಕೊಳವೆಯನ್ನು ಫ್ರಿಜ್ಜಿನಲ್ಲಿಡಿ ಎಂದು ಅಚ್ಚುಕಟ್ಟಾಗಿ ಮುದ್ರಿಸಿದ್ದ ಸೂಚನೆಯನ್ನು ಒಂದು ಮನೆಯ ಅಜ್ಜಿ ಓದಿಸಿ ಕೇಳಿ, ದೋಸೆ ಹಿಟ್ಟಿನ ಪಕ್ಕದಲ್ಲಿ ಎಂಜಲು ಇಡುವ ಪದ್ಧತಿ ಈ ಮನೆಯಲ್ಲಿ ಇಲ್ಲವೆಂದರು. ಅವರ ಮಾತು ತಪ್ಪೇನಲ್ಲ. ಜೊಲ್ಲಿನ ಕಾರ್ಟಿಸಾಲ್ ಕೋಣೆಯ ತಾಪಮಾನದಲ್ಲಿ ಒಂದೆರಡು ದಿನ ಕೆಡುವುದಿಲ್ಲವಾದ್ದರಿಂದ, ಸ್ಟೀಲ್ ಡಬ್ಬಿಯೊಂದನ್ನು ನಾವೇ ಕೊಟ್ಟು, ಅದನ್ನು ಜಗಲಿಯಲ್ಲಿಟ್ಟರೆ ಮರುದಿನ ಬಂದು ಒಯ್ಯುತ್ತೇವೆಂದು ಸೂಚನೆಯನ್ನು ತಿದ್ದಿದೆವು.

ಎರಡನೆಯ ಪೆಟ್ಟು ದೊಡ್ಡದು. ಮೊದಲ ಸುತ್ತಿನಲ್ಲಿ ಬಂದ ಕಾಗದಗಳಲ್ಲಿ ಎಲ್ಲರೂ 6.00, 6.30, 12.00 ಎಂದು ಬರೆದಿದ್ದರು. ಯಾರೊಬ್ಬರೂ 6.10ಕ್ಕೆ ಎದ್ದಿರಲಿಲ್ಲ. ವಿಚಾರಿಸಿದಾಗ, ನಾವು ಮಾದರಿಗೆಂದು ತೋರಿಸಿದ್ದ ಸಮಯವನ್ನೇ ಹಲವರು ನಕಲು ಮಾಡಿದ್ದರೆಂದೂ, ಒಂದಿಬ್ಬರು ಮೊದಲ ಎರಡು ಕೊಳವೆಗಳನ್ನು ತಿಂಡಿಯಾದ ಮೇಲೆ ಒಟ್ಟಿಗೇ ತುಂಬಿಸಿದ್ದರೆಂದೂ ತಿಳಿಯಿತು. ಅರ್ಧ ಗಂಟೆಯಲ್ಲಿ ಏರುವ ಹಾರ್ಮೋನನ್ನು ಹೀಗೆ ಅಳೆದರೆ ಸಿಗುವುದು ಅಂಕಿಯಷ್ಟೇ, ಅರ್ಥವಲ್ಲ. ಆ ಸುತ್ತನ್ನು ಪೂರ್ತಿ ಕೈಬಿಟ್ಟೆವು. ಸಮಯವನ್ನು ತಾನೇ ದಾಖಲಿಸುವ ಮುಚ್ಚಳಗಳು ಸಿಗುತ್ತವೆಯಾದರೂ ನಮ್ಮ ಹಣ ಅಷ್ಟು ದೂರ ಬರುವುದಿಲ್ಲ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಅಟೆಂಡರ್: ಕಣ್ಣು ಬಿಟ್ಟಾಗ ಒಂದು, ಪ್ರತಿ ಕೊಳವೆ ತುಂಬಿದಾಗ ಒಂದು ಮಿಸ್ಡ್ ಕಾಲ್ ಕೊಡಲಿ, ಸಮಯ ನಮ್ಮ ಫೋನಿನಲ್ಲಿ ತಾನಾಗಿ ಬಿದ್ದಿರುತ್ತದೆ ಎಂದರು. ಅಂದಿನಿಂದ ನನ್ನ ತಲೆದಿಂಬಿನ ಬಳಿ ಎರಡನೆಯ ಫೋನು ಬೆಳಗಿನ ಜಾವ ಐದಕ್ಕೇ ಮಿನುಗತೊಡಗಿತು, ಮತ್ತು ಹಾರ್ಮೋನಿನ ಏರಿಳಿತದ ಗೆರೆಗಳು ಮೊದಲ ಬಾರಿಗೆ ಪುಸ್ತಕದಲ್ಲಿರುವ ಆಕಾರಕ್ಕೆ ಬಂದವು.

ಕೊಳವೆಯೊಳಗಿನ ಕೊಳೆಯ ಕಥೆ ಬೇರೆ. ಒಸಡಿನಿಂದ ರಕ್ತ ಸೇರಿದರೆ ಕಾರ್ಟಿಸಾಲ್ ಸುಳ್ಳೇ ಏರುತ್ತದೆ, ಏಕೆಂದರೆ ರಕ್ತದಲ್ಲಿ ಅದು ಜೊಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ನಮ್ಮಲ್ಲಿ ಕೆಂಪು ಕೊಳವೆಯೆಂದರೆ ಒಸಡೂ ಇರಬಹುದು, ಎಲೆಯಡಿಕೆಯೂ ಇರಬಹುದು. ಎರಡನ್ನೂ ಬದಿಗಿಟ್ಟೆವು. ಕಷಾಯದ ಪುಡಿಯ ಬಗ್ಗೆ ನನಗೆ ಹೊಳೆದದ್ದು ತಡವಾಗಿ. ಕೆಲವು ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆಯ ಜತೆಗೆ ಜೇಷ್ಠಮಧುವನ್ನೂ ಹುರಿದು ಹಾಕುತ್ತಾರೆ. ಜೊಲ್ಲಿನ ಗ್ರಂಥಿಯಲ್ಲಿ ಕಾರ್ಟಿಸಾಲನ್ನು ಕಾರ್ಟಿಸೋನ್ ಆಗಿ ಬದಲಿಸುವ ಕಿಣ್ವವೊಂದಿದ್ದು, ಜೇಷ್ಠಮಧು ಅದಕ್ಕೆ ತಡೆಯೊಡ್ಡುತ್ತದೆ, ಆಗ ಜೊಲ್ಲಿನಲ್ಲಿ ಕಾರ್ಟಿಸಾಲ್ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ಪ್ರಶ್ನಾವಳಿಗೆ ‘ಕಷಾಯಕ್ಕೆ ಏನೇನು ಹಾಕುತ್ತೀರಿ?’ ಎಂಬ ಸಾಲು ಸೇರಿತು. ನೈತಿಕ ಸಮಿತಿಯವರು ಅದನ್ನು ಓದಿ ನಕ್ಕರು, ಆದರೆ ಒಪ್ಪಿಗೆ ಕೊಟ್ಟರು.

ನನ್ನನ್ನು ಹೆಚ್ಚು ಕಾಡಿದ್ದು ಒಬ್ಬ ಬೀಡಿ ಕಟ್ಟುವ ಅಕ್ಕನ ಗೆರೆ. ಅವರ ಮಲಗುವ ಹೊತ್ತಿನ ಮಟ್ಟ ಬೆಳಗಿನದಕ್ಕಿಂತ ಎತ್ತರದಲ್ಲಿತ್ತು. ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯನ್ನು ಹುಡುಕಲು ತಡರಾತ್ರಿಯ ಜೊಲ್ಲಿನ ಪರೀಕ್ಷೆಯನ್ನೇ ಬಳಸುತ್ತಾರಾದ್ದರಿಂದ ಮೊದಲ ಅನುಮಾನ ಅಲ್ಲಿಗೇ ಹೋಯಿತು. ಮತ್ತೆ ಪರೀಕ್ಷಿಸಿದರೂ ಫಲಿತಾಂಶ ಬದಲಾಗಲಿಲ್ಲ. ಮನೆಗೆ ಹೋಗಿ, ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಅಕ್ಕಾ ಎಂದು ಕೇಳಿದೆ.

“ಮಾತ್ರೆ ಎಲ್ಲ ಇಲ್ಲ ಮೇಡಂ. ಒಂದು ಪುಡಿ ಉಂಟು, ಸಂಜೆ ನೋವು ಜಾಸ್ತಿಯಾದರೆ ಮಾತ್ರ” ಎಂದು, ತಂಬಾಕಿನ ಡಬ್ಬಿಯ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಹೆಸರಿಲ್ಲ, ಮುದ್ರೆಯಿಲ್ಲ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಆಗ ಹೊಳೆಯಿತು.

ನಾವು ಬಳಸುವ ಎಲೈಸಾ ಪರೀಕ್ಷೆಯಲ್ಲಿ ಹಾರ್ಮೋನನ್ನು ಗುರುತಿಸುವ ಪ್ರತಿಕಾಯಕ್ಕೆ ಕಾರ್ಟಿಸಾಲ್ ಮತ್ತು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧ ಎರಡರ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ನುಂಗಿದ ಸ್ಟೀರಾಯ್ಡನ್ನೂ ಅದು ಕಾರ್ಟಿಸಾಲ್ ಎಂದೇ ಲೆಕ್ಕ ಹಾಕುತ್ತದೆ. ಪುಡಿಯಲ್ಲಿದ್ದದ್ದು ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಆಗಿದ್ದರೆ ಚಿತ್ರ ತಿರುಗುಮುರುಗಾಗುತ್ತಿತ್ತು: ಪ್ರತಿಕಾಯ ಅದನ್ನು ಹೆಚ್ಚಾಗಿ ಗುರುತಿಸುವುದಿಲ್ಲ, ದೇಹದ ಸ್ವಂತ ಕಾರ್ಟಿಸಾಲ್ ಮಾತ್ರ ಕುಸಿದು ಗೆರೆ ನೆಲಕ್ಕಂಟುತ್ತದೆ. ಪುಡಿಯನ್ನು ಅಂದೇ ನಿಲ್ಲಿಸಿಬಿಡಿ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಬಹುಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗಿರುತ್ತದೆ, ಹಠಾತ್ತನೆ ಬಿಟ್ಟರೆ ಅಪಾಯ. ವೈದ್ಯರು ಅಳತೆಯ ಮಾತ್ರೆಗೆ ಬದಲಿಸಿ ಮೆಲ್ಲಮೆಲ್ಲನೆ ಇಳಿಸಿದರು. ಅಧ್ಯಯನದಿಂದ ಅವರ ಹೆಸರು ಹೊರಗೆ ಹೋಯಿತು. ನನ್ನ ಮಟ್ಟಿಗೆ ಆ ಅಧ್ಯಯನದಲ್ಲಿ ಹೆಚ್ಚು ಕಲಿಸಿದವರು ಅವರೇ.

ನಾಲ್ಕು ಮಂದಿಯನ್ನು ಒಂದು ರಾತ್ರಿ ವಾರ್ಡಿನಲ್ಲಿ ಮಲಗಿಸಿ ರಕ್ತವನ್ನೂ ತೆಗೆದೆವು. ಮೆಲಟೋನಿನ್ ಕೂಡ ನೋಡಬೇಕಿತ್ತು, ಅದು ಬೆಳಕು ಬಿದ್ದರೆ ಇಳಿಯುವ ಹಾರ್ಮೋನು. ಮೊದಲ ರಾತ್ರಿ ಎರಡು ಗಂಟೆಗೆ ಯಾರೋ ಅಭ್ಯಾಸಬಲದಿಂದ ಟ್ಯೂಬ್‌ಲೈಟ್ ಹಾಕಿ ಎಲ್ಲವನ್ನೂ ಕೆಡಿಸಿದರು. ಮರುವಾರ ಸ್ವಿಚ್ಚಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ಆ ಮಸುಕಿನಲ್ಲೇ ಸಿರಿಂಜು ಹಿಡಿದೆವು.

ಈಗ ನಮ್ಮ ಲ್ಯಾಬಿನ ಕಾರ್ಟಿಸಾಲ್ ಕೋರಿಕೆ ಪತ್ರದಲ್ಲಿ ಎರಡು ಖಾಲಿ ಜಾಗಗಳಿವೆ: ಎಚ್ಚರವಾದ ಸಮಯ, ಮಾದರಿ ತೆಗೆದ ಸಮಯ. ಇದಕ್ಕೆ ಕಾರಣ ಮಲ್ಪೆ ಬಂದರಿನಿಂದ ಮೀನು ತಂದು ಮಾರುವ ಒಬ್ಬ ಹೆಂಗಸು. ‘ಬೆಳಿಗ್ಗೆ 8’ ಎಂಬ ಚೀಟಿಯೊಂದಿಗೆ ಬಂದ ಅವರ ರಕ್ತದಲ್ಲಿ ಕಾರ್ಟಿಸಾಲ್ ಕಡಿಮೆಯೆಂದು ಹಿಂದೊಮ್ಮೆ ಎಲ್ಲೋ ವರದಿಯಾಗಿ, ಅಡ್ರಿನಲ್ ದುರ್ಬಲವಿರಬಹುದೆಂದು ಕಡತದಲ್ಲಿ ಬರೆದುಬಿಟ್ಟಿದ್ದರು. ಅವರು ಏಲಕ್ಕೆ ಹೋಗಲು ದಿನವೂ ಮೂರಕ್ಕೆ ಏಳುವವರೆಂದು ಯಾರೂ ಕೇಳಿರಲಿಲ್ಲ. ಮಿಸ್ಡ್ ಕಾಲ್ ಹಿಡಿದು ಲೆಕ್ಕ ಹಾಕಿದಾಗ ಅವರ ಏರಿಕೆ ಇದ್ದಲ್ಲೇ ಇತ್ತು, ಮೂರೂವರೆಯ ಆಸುಪಾಸಿನಲ್ಲಿ. ಆ ಎರಡು ಜಾಗಗಳನ್ನು ಮಾದರಿ ಸಂಗ್ರಹದ ಕೌಂಟರಿನಲ್ಲಿ ತುಂಬಬೇಕು. ವಾರಕ್ಕೆ ಎರಡು ಮೂರು ಪತ್ರಗಳಲ್ಲಿ ಈಗಲೂ ‘ಬೆಳಿಗ್ಗೆ’ ಎಂದಷ್ಟೇ ಬರೆದು ಬರುತ್ತದೆ, ಅವನ್ನು ನಾನು ವಾಪಸು ಕಳುಹಿಸುತ್ತೇನೆ.