ನವರಾತ್ರಿಯ ಸಂಜೆಗಳಲ್ಲಿ ಮನೆಯವರೆಲ್ಲ ಕೂಡಿ ಹಾಡುವ ಬಗೆ

ಸಂಪ್ರದಾಯದ ಹಾಡುಗಳನ್ನು ಮನೆಮಂದಿಯೆಲ್ಲ ಕುಳಿತು ಹಾಡುವ ರೂಢಿಯನ್ನು ಹೊಸದಾಗಿ ಹಾಕಿಕೊಳ್ಳುವವರಿಗೆ ನವರಾತ್ರಿ ತುಂಬ ಅನುಕೂಲವಾದ ಕಾಲ. ಗೊಂಬೆ ಕೂರಿಸಿದ ಮನೆಯಲ್ಲಿ ಒಂಬತ್ತು ಸಂಜೆಯೂ ಆರತಿಯಾಗಬೇಕು, ಆರತಿಗೆ ಹಾಡು ಬೇಕು. ಹಾಡಲು ಬೇರೆ ನೆಪ ಹುಡುಕಬೇಕಾಗಿಲ್ಲ. ಗೊಂಬೆ ಕೂರಿಸುವ ಪದ್ಧತಿ ಇಲ್ಲದವರು ಶುಕ್ರವಾರ ದೀಪ ಹಚ್ಚುವ ಹೊತ್ತನ್ನು ಗೊತ್ತುಮಾಡಿಕೊಳ್ಳಬಹುದು.

ಹಾಡನ್ನು ಮನೆಯ ಹಿರಿಯರಿಂದಲೇ ಪಡೆಯಬೇಕು. ಆದರೆ ಅಜ್ಜಿಯನ್ನು ‘ಯಾವ ಹಾಡು ಬರುತ್ತದೆ’ ಎಂದು ಕೇಳಿದರೆ ‘ಎಲ್ಲ ಮರೆತುಹೋಯಿತು’ ಎಂಬ ಉತ್ತರವೇ ಸಿಗುತ್ತದೆ. ಹಸೆಗೆ ಕರೆಯುವಾಗ ಏನು ಹೇಳುತ್ತಿದ್ದಿರಿ, ಮಗುವನ್ನು ತೊಟ್ಟಿಲಿಗೆ ಹಾಕುವಾಗ ಏನು ಹೇಳುತ್ತಿದ್ದಿರಿ ಎಂದು ಆಯಾ ಸಂದರ್ಭವನ್ನು ಹಿಡಿದು ಕೇಳಿದರೆ ಮೊದಲ ಸಾಲು ತಾನಾಗಿ ಬರುತ್ತದೆ. ಆ ಕ್ಷಣದಲ್ಲಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಅಗತ್ಯ. ನಮ್ಮ ಸೋದರತ್ತೆಯ ಹಾಡಿನ ಪುಸ್ತಕ ಇಂದಿಗೂ ನಮ್ಮಲ್ಲಿದೆ; ಅದರಲ್ಲಿ ಒಂದು ಆರತಿ ಹಾಡಿನ ತಲೆಯ ಮೇಲೆ ‘ಹಳೇ ಗೌರಿ ಹಾಡಿನ ಧಾಟಿ’ ಎಂದು ಬರೆದಿದ್ದಾರೆ, ಆ ಹಳೇ ಗೌರಿ ಹಾಡು ಯಾವುದೆಂದು ಹೇಳುವವರು ಮಾತ್ರ ಈಗ ಯಾರೂ ಇಲ್ಲ.

ಧಾಟಿಯ ವಿಷಯದಲ್ಲಿ ಕ್ಯಾಸೆಟ್ಟು, ಯೂಟ್ಯೂಬುಗಳನ್ನು ಪ್ರಮಾಣವಾಗಿ ಇಟ್ಟುಕೊಂಡು ಅಜ್ಜಿಯನ್ನು ತಿದ್ದಲು ಹೋಗಬಾರದು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕರ್ನಾಟಕ ಸಂಗೀತದವರು ಸಾಮಾನ್ಯವಾಗಿ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ, ಹಿಂದುಸ್ತಾನಿ ಗಾಯಕ ಭೀಮಸೇನ ಜೋಶಿಯವರ ಧಾಟಿ ಅದಕ್ಕಿಂತ ಬೇರೆ, ಹೀಗಿರುವಾಗ ನಿಮ್ಮ ಮನೆಯ ಧಾಟಿ ಇನ್ನೊಂದಾಗಿದ್ದರೆ ತಪ್ಪೇನೂ ಇಲ್ಲ.

ಶ್ರುತಿಯೇ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ದನಿಯ ಎತ್ತರವೇ, ಹೆಚ್ಚು ತೊಂದರೆ ಕೊಡುವ ಸಂಗತಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಐದು, ಐದೂವರೆ ಮನೆ, ಗಂಡಸರಿಗೆ ಒಂದು, ಒಂದೂವರೆ ಮನೆ ಹೊಂದುತ್ತದೆಯಾದರೂ ವಯಸ್ಸಾದವರ ದನಿ ಇಳಿದಿರುತ್ತದೆ. ಆದ್ದರಿಂದ ಶ್ರುತಿಪೆಟ್ಟಿಗೆಯನ್ನು ಮೊದಲು ಹಾಕದೆ, ಅಜ್ಜಿ ತಾವಾಗಿ ಎತ್ತಿಕೊಂಡ ದನಿಗೆ ಅದನ್ನು ಹೊಂದಿಸಬೇಕು. ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಿದರಾಯಿತು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನನುಕೂಲವಾಗುವ ಶ್ರುತಿಗಿಂತ ಹಾಡು ಬಲ್ಲವರಿಗೆ ಪೂರ್ತಿ ಒಗ್ಗುವ ಶ್ರುತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕಲಿಸುವ ಕ್ರಮ ಹಳೆಯದೇ ಸಾಕು: ಒಬ್ಬರು ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಮೊದಲ ಸಂಜೆ ಪಲ್ಲವಿಯನ್ನು ಮಾತ್ರ ಎಲ್ಲರೂ ಹೇಳಿ, ನುಡಿಗಳನ್ನು ಅಜ್ಜಿಗೇ ಬಿಡಬೇಕು. ಮರುದಿನದಿಂದ ದಿನಕ್ಕೊಂದು ನುಡಿ ಸೇರಿಸಿಕೊಂಡು ಹೋದರೆ ಆಯುಧಪೂಜೆಯ ಹೊತ್ತಿಗೆ ಒಂದು ಹಾಡು ಇಡಿಯಾಗಿ ಬಾಯಿಗೆ ಬರುತ್ತದೆ. ಒಂಬತ್ತು ದಿನಕ್ಕೆ ಒಂಬತ್ತು ಹಾಡು ಎಂಬ ಹುಮ್ಮಸ್ಸು ಮೂರನೆಯ ದಿನಕ್ಕೇ ಇಳಿದುಹೋಗುವುದನ್ನು ಕಂಡಿದ್ದೇನೆ. ಮಾತು ಇನ್ನೂ ಸರಿಯಾಗಿ ಬಾರದ ಮಗುವಿನ ಕೈಗೆ ತಾಳ ಕೊಡಿ. ಅದು ತಪ್ಪಾಗಿ ಬಡಿದಾಗ ಕಸಿದುಕೊಳ್ಳದೆ, ಪಕ್ಕದಲ್ಲಿ ಕುಳಿತವರು ತೊಡೆ ತಟ್ಟುತ್ತಾ ಲೆಕ್ಕ ತೋರಿಸಿದರೆ ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ.

ದಾಸರ ಪದವಾದರೆ ಹೊತ್ತಾಯಿತೆಂದು ನಡುವೆ ನಿಲ್ಲಿಸದೆ, ‘ಪುರಂದರ ವಿಠಲ’ ಎಂಬಂಥ ಅಂಕಿತ ಬರುವ ಕೊನೆಯ ನುಡಿಯನ್ನಾದರೂ ಹೇಳಿ ಮುಗಿಸಬೇಕು. ಗೊಂಬೆ ಬಾಗಿನದ ತಿಂಡಿಯನ್ನು ಹಂಚುವುದು ಅದಾದ ಮೇಲೆಯೇ. ಮೊದಲೇ ಹಂಚಿದರೆ ಹಾಡಲು ಮಕ್ಕಳು ಉಳಿಯುವುದಿಲ್ಲ.